ನವನಗರದ ಬಾಡಿಗೆ ಮನೆ ಏಜೆಂಟರಿಗೆ ನನ್ನ ಮೂರು ಸ್ಟಾರ್

ಮೊದಲು ರೊಕ್ಕದ ಮಾತು ಮುಗಿಸಿಬಿಡುತ್ತೇನೆ. ಹೆಸರು ಬರೆಸಲು 200 ರೂಪಾಯಿ. ಮನೆ ಸಿಕ್ಕ ಮೇಲೆ ಒಂದು ತಿಂಗಳ ಬಾಡಿಗೆ, ಅಂದರೆ ನನ್ನ ಲೆಕ್ಕದಲ್ಲಿ 6,500. ಬಾಂಡ್ ಪೇಪರ್, ಟೈಪಿಂಗ್ ಎಲ್ಲ ಸೇರಿ ಕರಾರು ಪತ್ರಕ್ಕೆ 600. ಒಟ್ಟು 7,300. ನನ್ನ ಕೈಗೆ ಬರುವ ಸಂಬಳ 17,500. ಇಷ್ಟು ದುಡ್ಡು ಕೊಟ್ಟವಳಿಗೆ ನಾಲ್ಕು ಮಾತು ಬರೆಯುವ ಹಕ್ಕು ಇದೆ ಅಲ್ವಾ?

ಏಜೆಂಟರ ಹೆಸರು ಹಾಕುವುದಿಲ್ಲ. ಇಂಥವರು ಬಾಗಲಕೋಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವರದು ಒಂದು ಝೆರಾಕ್ಸ್ ಅಂಗಡಿ. ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಳಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕ. ಆ ಪುಸ್ತಕವೇ ಅವರ ನಿಜವಾದ ವ್ಯಾಪಾರ. ಝೆರಾಕ್ಸ್ ಮಷಿನ್ ಅರ್ಧ ದಿನ ಕೆಟ್ಟೇ ಇರುತ್ತದೆ.

ನಾನು ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುವುದು, ಟ್ಯೂಬಿಗೆ ಹೆಸರು ಅಂಟಿಸುವುದು ನನ್ನ ಕೆಲಸ. ಮನೆಯಲ್ಲಿ ನಾನು, ನನ್ನ ಅವ್ವ, ನಾಲ್ಕನೇ ಕ್ಲಾಸಿನ ಮಗ. ಗಂಡನಿಂದ ಬೇರೆಯಾಗಿ ಆರು ವರ್ಷವಾಯಿತು. ಎಂಟು ವರ್ಷ ಹಳೇ ಊರಿನಲ್ಲಿದ್ದೆ, ವೆಂಕಟಪೇಟೆ ಕಡೆ. ಎರಡು ಖೋಲಿ, ಒಂದು ಬಚ್ಚಲು, ಬಾಡಿಗೆ 2,800.

ಇಷ್ಟು ಕಡಿಮೆ ಯಾಕೆ ಅಂತ ಹೊರಗಿನವರಿಗೆ ಹೇಳಬೇಕು. ಆಲಮಟ್ಟಿ ಜಲಾಶಯದಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅಷ್ಟಕ್ಕೇ ನಮ್ಮೂರಿನ ತಗ್ಗಿನ ಭಾಗ ಹಿನ್ನೀರಿನಲ್ಲಿ ಹೋಯಿತು. ಮನೆ ಕಳೆದುಕೊಂಡವರಿಗಾಗಿ ಬಿಟಿಡಿಎ, ಅಂದರೆ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ನವನಗರ ಕಟ್ಟಿತು. ಓಣಿ, ಪೇಟೆ ಅಂತಿದ್ದ ಜನ ಸೆಕ್ಟರ್ ನಂಬರ್ ಹೇಳಲು ಕಲಿತರು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ವರೆಗೆ ಏರಿಸಬಹುದು ಅಂದಿತು. ಗೇಟು ಇನ್ನೂ ಏರಿಲ್ಲ. ಆದರೆ "ಏರತೈತಿ" ಅನ್ನುವ ಮಾತು ಅಂದಿನಿಂದ ಊರಿನ ಮೇಲೆ ನಿಂತಿದೆ. ಸೋರುವ ಮಾಳಿಗೆ ತೋರಿಸಿದರೆ ನಮ್ಮ ಮಾಲೀಕರು "ಮುಳುಗೋ ಮನಿಗಿ ಸಿಮೆಂಟ್ ಯಾಕ್ ಹಾಕ್ಲಿ ತಂಗಿ?" ಅನ್ನುತ್ತಿದ್ದರು. ಅವರದೂ ತಪ್ಪಿಲ್ಲ. ನಮ್ಮೂರಿನಲ್ಲಿ ಅಗ್ಗದ ಬಾಡಿಗೆ ಅಂದರೆ ಮೀಟರ್ ಲೆಕ್ಕದಲ್ಲಿ ಕೆಳಗಿರುವ ಮನೆ. ಹೋದ ಮಳೆಗಾಲದಲ್ಲಿ ಮಗನ ಹಾಸಿಗೆ ಮೇಲೆ ಮಣ್ಣು ಉದುರಿತು. ಅವತ್ತೇ ಬಿಡುವುದು ಅಂತ ತೀರ್ಮಾನ ಮಾಡಿದೆ. ಬಿಡುವಾಗ ಅದೇ ಮಾಲೀಕರು ಸುಣ್ಣ ಬಣ್ಣಕ್ಕೆ ಅಂತ ಡಿಪಾಸಿಟ್‌ನಲ್ಲಿ 3,000 ಹಿಡಿದುಕೊಂಡರು. ಮುಳುಗೋ ಮನೆಗೆ ಬಣ್ಣ ಯಾಕೆ ಅಂತ ಕೇಳಬೇಕಿತ್ತು. ಆಗ ಹೊಳೆಯಲಿಲ್ಲ.

ಮೊದಲ ಮೂರು ವಾರ ಏಜೆಂಟರ ಹಂಗೇ ಬೇಡ ಅಂತ ನಾನೇ ತಿರುಗಿದೆ. ಬೆಳಗಿನ ಶಿಫ್ಟ್ ಮುಗಿಸಿ ನವನಗರದ ಸೆಕ್ಟರ್ ಸೆಕ್ಟರ್ ಸುತ್ತಿದೆ. ಹಳೇ ಊರಿನಿಂದ ಐದಾರು ಕಿಲೋಮೀಟರ್, ಬಿಸಿಲು ಬೇರೆ. "ಮನೆ ಬಾಡಿಗೆಗಿದೆ" ಬೋರ್ಡ್ ಕಂಡಲ್ಲೆಲ್ಲ ಗೇಟು ಬಡಿದೆ. ಹನ್ನೊಂದು ಮನೆ ನೋಡಿದೆ. ನೋಡಿದೆ ಅನ್ನುವುದಕ್ಕಿಂತ ಅವರು ನನ್ನನ್ನು ನೋಡಿದರು.

ಪ್ರಶ್ನೆಗಳ ಸಾಲು ಎಲ್ಲ ಕಡೆ ಒಂದೇ. ಎಷ್ಟು ಮಂದಿ? ಯಜಮಾನರು ಎಲ್ಲಿರ್ತಾರ? ಡ್ಯೂಟಿ ರಾತ್ರಿನೂ ಇರತೈತೇನು? ತತ್ತಿ, ಖಂಡ ಏನರೆ? ಇವೆಲ್ಲ ದಾಟಿದರೆ ಕೊನೆಗೆ, ಬಹಳ ಮೆತ್ತಗೆ, "ಅಡ್ಡಹೆಸರು ಏನು ನಿಮ್ದು?" ಅಡ್ಡಹೆಸರಿನಿಂದ ಜಾತಿ ತಿಳಿಯದಿದ್ದರೆ ನೇರವಾಗಿ, "ಯಾವ ಪೈಕಿ ನೀವು?"

ಒಂದು ಮನೆಯಲ್ಲಿ ಎಲ್ಲ ಮುಗಿದೇ ಹೋಗಿತ್ತು. ಮನೆಯಾಕೆ ಚಹಾ ಕೊಟ್ಟರು, ಬಾಡಿಗೆಯಲ್ಲಿ 300 ಬಿಟ್ಟರು, ತುಳಸಿ ಕುಂಡ ಎಲ್ಲಿಡಬಹುದು ಅಂತಲೂ ತೋರಿಸಿದರು. ಅಷ್ಟರಲ್ಲಿ ಅವರ ಯಜಮಾನರು ಬಂದು ಅಡ್ಡಹೆಸರು ಕೇಳಿದರು. ಹೇಳಿದೆ. ಅವರು ಫೋನ್ ತೆಗೆದು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ "ನಮ್ಮ ಅಳಿಯ ಬರ್ತೀನಿ ಅಂದಾನ ಅಲ್ಲಾ, ನೆನಪೇ ಇಲ್ಲ ನೋಡು ನಮಗ" ಅಂದರು. ಅವರ ಮಗಳು ಎಂಟನೇ ಕ್ಲಾಸು. ಚಹಾ ಕುಡಿಯುವಾಗ ಎದುರಿಗೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಬೋರ್ಡ್ ನಾಲ್ಕು ತಿಂಗಳು ಅಲ್ಲೇ ಇತ್ತು.

ನನ್ನ ಅಡ್ಡಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಮಿಕ್ಕಿದ್ದನ್ನು ಬಿಟ್ಟು ಅದನ್ನೇ ಓದುತ್ತೀರಿ.

ಹನ್ನೆರಡನೇ ಗೇಟಿಗೆ ಕೈ ಹೋಗಲಿಲ್ಲ. ಲ್ಯಾಬಿನವರೊಬ್ಬರು ಹೇಳಿದರು ಅಂತ ಈ ಝೆರಾಕ್ಸ್ ಅಂಗಡಿಗೆ ಹೋದೆ.

ಏಜೆಂಟರು ಐವತ್ತೈದರ ಆಸುಪಾಸು. 200 ತೆಗೆದುಕೊಂಡು ಅದೇ ಪ್ರಶ್ನೆ ಕೇಳಿದರು, ಆದರೆ ರೇಷನ್ ಕಾರ್ಡಿನ ಅರ್ಜಿ ತುಂಬುವವರ ಹಾಗೆ, ತಲೆ ಎತ್ತದೆ. ಪೈಕಿ ಯಾವುದು ಅಂದರು, ಹೇಳಿದೆ, ಬರೆದುಕೊಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಮೂರು ವಾರದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಉತ್ತರ ಕೊಟ್ಟು ನಾನು ಕುರ್ಚಿಯಿಂದ ಏಳಬೇಕಾಗಲಿಲ್ಲ.

ಆಮೇಲೆ ಫೋನ್ ಶುರು ಮಾಡಿದರು. ಇದೇ ಅವರ ಸರ್ವಿಸ್, ಇದನ್ನು ಸರಿಯಾಗಿ ಹೇಳಬೇಕು. ನನ್ನ ಎದುರಿಗೇ ಒಂಬತ್ತು ಮಾಲೀಕರಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು, ಬರೀ "ಹ್ಞೂಂ... ಹ್ಞೂಂ... ಆತ್ರಿ, ಇರ್ಲಿ ಬಿಡ್ರಿ" ಅಂದು ಇಟ್ಟುಬಿಡುತ್ತಿದ್ದರು. ಪುಸ್ತಕದಲ್ಲಿ ಒಂದು ಗೀಟು. ಆ ಕಡೆಯವರು ಏನಂದರು ಅಂತ ನನಗೆ ಒಂದು ಸಲವೂ ಹೇಳಲಿಲ್ಲ. ಒಂಬತ್ತರಲ್ಲಿ ಆರು ಗೀಟು ಬಿದ್ದವು. ಆ ಆರು ಗೇಟಿನ ಮುಂದೆ ನಾನು ನಿಲ್ಲಲಿಲ್ಲ, ನನ್ನ ಅವ್ವ ನಿಲ್ಲಲಿಲ್ಲ. ಆರು ಮನೆಯ "ಇಲ್ಲ" ಅವರ ಫೋನಿನಲ್ಲೇ ಉಳಿಯಿತು. ನಾನು 6,500 ಕೊಟ್ಟಿದ್ದು ಇದಕ್ಕೇ. ಮನೆ ಹುಡುಕಿದ್ದಕ್ಕೆ ಅಂತ ಕೇಳಿದ್ದರೆ ಜಗಳ ಮಾಡಿ 4,000ಕ್ಕೆ ಇಳಿಸುತ್ತಿದ್ದೆ.

ಅವರು ಕಲಿಸಿದ ಇನ್ನೊಂದು ವಿಷಯ. "ತಂಗಿ, ನಿಮಗ ಹೊರಗಿನ ಪಾವಟಿಗಿ ಇದ್ದ ಮನಿ ನೋಡೂಣು" ಅಂದರು. ನವನಗರದಲ್ಲಿ ಎಷ್ಟೋ ಮನೆ ಹೀಗೇ: ಕೆಳಗೆ ಮಾಲೀಕರು, ಮೇಲೆ ಬಾಡಿಗೆ. ಮೆಟ್ಟಿಲು ಮನೆಯೊಳಗಿಂದ ಹೋದರೆ ನೂರೆಂಟು ಪ್ರಶ್ನೆ. ಹೊರಗೆ, ಗೇಟಿನ ಪಕ್ಕದಿಂದಲೇ ಹೋದರೆ ಪ್ರಶ್ನೆ ಅರ್ಧಕ್ಕೆ ಇಳಿಯುತ್ತವೆ. ನೀರಿನ ಟಾಕಿ ಬೇರೆ ಇದ್ದರೆ ಇನ್ನೂ ಕಡಿಮೆ. ಮುಟ್ಟು ಮೈಲಿಗೆ ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮನೆ ಕಟ್ಟುವ ಮೇಸ್ತ್ರಿಗೆ ಗೊತ್ತಿರುತ್ತದೆ, ಈ ಏಜೆಂಟರಿಗೆ ಗೊತ್ತಿರುತ್ತದೆ. ಈಗ ನಾನು ಯಾವ ರಸ್ತೆಯಲ್ಲಿ ಹೋದರೂ ಮೊದಲು ಮೆಟ್ಟಿಲು ನೋಡುತ್ತೇನೆ. ಕೆಟ್ಟ ಚಟ.

ಮೂರು ಮನೆ ತೋರಿಸಿದರು. ಮೊದಲನೆಯದು ಚೆನ್ನಾಗಿತ್ತು, ಅಡುಗೆ ಕಟ್ಟೆ ಗ್ರಾನೈಟಿನದು. ಆದರೆ ಎರಡೂ ಮನೆಗೆ ಒಂದೇ ಕರೆಂಟ್ ಮೀಟರ್. ಇದನ್ನು ಬಾಡಿಗೆದಾರರು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಒಳಗಿನವರಿಗೆ, ಹಿಂದಿನ ಸರಾಸರಿ ಮತ್ತು ಅದರ ಮೇಲೆ ಇನ್ನೊಂದಿಷ್ಟು ಪುಕ್ಕಟೆ. ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ನಿಮ್ಮ ಮನೆಗೆ ಬೇರೆ ಮೀಟರ್, ಅದರದೇ ಆರ್‌ಆರ್ ನಂಬರ್ ಬೇಕು. ಇಲ್ಲಿ ಮೀಟರ್ ಮಾಲೀಕರ ಹೆಸರಲ್ಲಿ, ಪುಕ್ಕಟೆ ಅವರಿಗೆ, ನನಗೆ ಮಾತ್ರ ಯೂನಿಟ್ಟಿಗೆ 8 ರೂಪಾಯಿ ಅಂತೆ. ಏಜೆಂಟರೇ ಕಣ್ಣು ಸನ್ನೆ ಮಾಡಿ ಬೇಡ ಅಂದರು. ಅದಕ್ಕೆ ಅವರಿಗೆ ಒಂದು ಸ್ಟಾರ್ ಖಂಡಿತ. ಆ ಮನೆ ಕೊಡಿಸಿದ್ದರೆ ಅವರ ಕಮಿಷನ್ 7,500 ಆಗುತ್ತಿತ್ತು.

ಎರಡನೆಯದು ಮಾಳಿಗೆ ಮೇಲೆ ಪತ್ರಾಸು ಹೊಡೆದ ಖೋಲಿ. ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರಕ್ಕೆ ಕರೆದುಕೊಂಡು ಹೋದರು. ಒಳಗೆ ಎರಡು ನಿಮಿಷ ನಿಂತೆವು. ಅವ್ವ "ಇಲ್ಲಿ ಹಪ್ಪಳ ಒಣಗಿಸಬಹುದು" ಅಂದು ಇಳಿದುಬಂದಳು.

ಮೂರನೆಯದರಲ್ಲಿ ಈಗ ಇದ್ದೇನೆ. ಮೇಲಿನ ಮನೆ, ಹೊರಗಿನ ಮೆಟ್ಟಿಲು, ಬೇರೆ ಮೀಟರ್. ಬಾಡಿಗೆ 6,500, ಡಿಪಾಸಿಟ್ 40,000. ಡಿಪಾಸಿಟ್ ಜಾಸ್ತಿಯೇ, ಆರು ತಿಂಗಳ ಬಾಡಿಗೆಗಿಂತ ಹೆಚ್ಚು. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೂಡದು ಅಂತಿದೆ. ಹೆಸರೇ ಮಾದರಿ, ರಾಜ್ಯಗಳು ತಮ್ಮದು ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ. ಇದನ್ನು ಏಜೆಂಟರಿಗೆ ಹೇಳಿದೆ. "ದಿಲ್ಲಿಯೊಳಗ ಮನಿ ಮಾಡ್ರಿ ಹಂಗಾರ" ಅಂದರು. ಅವ್ವನ ಬೆಂಡೋಲೆ ಬ್ಯಾಂಕಿಗೆ ಹೋಯಿತು.

ಕರಾರು 11 ತಿಂಗಳದ್ದು. ಯಾಕೆ 11 ಅಂತ ತುಂಬಾ ಜನ ಕೇಳುತ್ತಾರೆ. ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಅದರ ಖರ್ಚು, ಓಡಾಟ ಯಾರಿಗೂ ಬೇಡ. ಹಾಗಾಗಿ ದೇಶಕ್ಕೆ ದೇಶವೇ 11 ತಿಂಗಳಿಗೊಮ್ಮೆ ಹೊಸ ಕಾಗದ ಮಾಡಿಸುತ್ತದೆ. ಏಜೆಂಟರ ಟೈಪಿಂಗಿನಲ್ಲಿ ನನ್ನ ಮಗನ ಹೆಸರು ತಪ್ಪಾಗಿತ್ತು. ತಿದ್ದಲು ಮತ್ತೆ 50 ಕೇಳಿದರು. ಕೊಡಲಿಲ್ಲ.

ಇವರು ಸರ್ಕಾರಿ ಮನೆಯ ಅರ್ಜಿಯನ್ನೂ ತುಂಬಿಕೊಡುತ್ತಾರೆ, 300 ರೂಪಾಯಿ. ನನಗೂ ಆಸೆ ಹುಟ್ಟಿತು. ಪ್ರಧಾನಮಂತ್ರಿ ಆವಾಸ್ ಯೋಜನೆ, ನಗರದ್ದು, ಎರಡನೇ ಹಂತ 2024ರ ಸೆಪ್ಟೆಂಬರ್‌ನಿಂದ ಇದೆ. ವರ್ಷದ ಆದಾಯ 3 ಲಕ್ಷದ ಒಳಗಿದ್ದರೆ ಆರ್ಥಿಕವಾಗಿ ಹಿಂದುಳಿದವರ ಲೆಕ್ಕ. ನನ್ನದು 2 ಲಕ್ಷ 10 ಸಾವಿರ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಇಲ್ಲ. ಒಂಟಿ ಮಹಿಳೆಯರಿಗೆ ಆದ್ಯತೆ. ಹೌದು, ಒಂಟಿ. ಎಲ್ಲ ಪಾಸಾದೆ ಅಂದುಕೊಂಡೆ. ಆಮೇಲೆ ಏಜೆಂಟರು ಪೆನ್ನು ಕೆಳಗಿಟ್ಟು "ಜಾಗ ಎಲ್ಲೈತಿ?" ಅಂದರು. ನಾವೇ ಕಟ್ಟಿಕೊಳ್ಳಲು ಸಹಾಯಧನ ಬೇಕಾದರೆ ನಿವೇಶನ ನಮ್ಮದಿರಬೇಕು. ಕಟ್ಟಿದ ಫ್ಲಾಟ್ ಬೇಕಾದರೆ ಊರಲ್ಲಿ ಅಂಥ ಪ್ರಾಜೆಕ್ಟ್ ಬರಬೇಕು, ನಮ್ಮ ಪಾಲಿನ ರೊಕ್ಕವೂ ಬೇಕು. ಬಾಡಿಗೆ ಮನೆಗಳಿಗೂ ಅದೇ ಯೋಜನೆಯಲ್ಲಿ ಒಂದು ಭಾಗ ಇದೆ, ದುಡಿಯುವ ಮಹಿಳೆಯರನ್ನೂ ಅದರಲ್ಲಿ ಹೆಸರಿಸಿದ್ದಾರೆ. ಓದಲು ಚೆನ್ನಾಗಿದೆ. ಏಜೆಂಟರ ಮಾತು ಇನ್ನೂ ಚೆನ್ನಾಗಿತ್ತು: "ಜಾಗ ಇದ್ದವರಿಗಿ ರೊಕ್ಕ ಬರತೈತಿ, ಜಾಗ ಇಲ್ಲದವರಿಗಿ ಫಾರಂ ಬರತೈತಿ." 300 ಉಳಿಯಿತು. ಈ ಪ್ರಾಮಾಣಿಕತೆಗೆ ಎರಡನೇ ಸ್ಟಾರ್.

ಇನ್ನು ಕಡಿಮೆ ಮಾಡಿದ ಸ್ಟಾರುಗಳ ವಿಷಯ.

ನನ್ನ ಗೆಳತಿ ಒಬ್ಬಳು ಇದ್ದಾಳೆ, ನರ್ಸ್. ಮುಸ್ಲಿಂ. ಮನೆಯಲ್ಲಿ ಅವಳೂ ಅವಳ ತಂಗಿಯೂ ಇಬ್ಬರೇ. ಅವಳ ಡ್ಯೂಟಿ ನವನಗರದಲ್ಲಿ, ಸಂಬಳ ನನಗಿಂತ 4,000 ಜಾಸ್ತಿ. ನಾನೇ ಹೊಗಳಿ ಕಳಿಸಿದೆ. ಅವಳು ಹೋಗಿದ್ದು ನಾನು ಮನೆ ನೋಡುತ್ತಿದ್ದ ಅದೇ ವಾರ. ಅವಳಿಗೆ ನವನಗರದ ಒಂದು ಮನೆಯನ್ನೂ ತೋರಿಸಲಿಲ್ಲ. ಎರಡು ಮನೆ ತೋರಿಸಿದರು, ಎರಡೂ ಹಳೇ ಊರಿನ ಒಂದೇ ಓಣಿಯಲ್ಲಿ. "ನಿಮಗ ಅಲ್ಲಿ ಚಲೋ ಆಗತೈತಿ, ನಿಮ್ಮ ಮಂದಿ ಇರ್ತಾರ" ಅಂದರಂತೆ. ಅವಳ ಹೆಸರಿನಲ್ಲಿ ಒಂದು ಫೋನ್ ಕೂಡ ಮಾಡಲಿಲ್ಲ. ನನಗೆ ಒಂಬತ್ತು ಫೋನ್ ಮಾಡಿದವರು.

ಹೋಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಪುಸ್ತಕ ತಿರುಗಿಸಿ ತೋರಿಸಿದರು. ಪ್ರತಿ ಮನೆಯ ಮುಂದೆ ಗುರುತುಗಳು. ಸೊನ್ನೆ ಅಂದರೆ ಸಸ್ಯಾಹಾರಿ ಮಾತ್ರ. ಎರಡು ಸೊನ್ನೆ ಅಂದರೆ ತಮ್ಮ ಪೈಕಿ ಮಾತ್ರ. ತ್ರಿಕೋನ ಅಂದರೆ ಗಂಡ ಹೆಂಡತಿ ಇಬ್ಬರೂ ಇರಬೇಕು. ಟಿಕ್ ಹಾಕಿದ್ದಕ್ಕೆ ಯಾರಾದರೂ ನಡೆಯುತ್ತದೆ. ಒಂದು ಪುಟದಲ್ಲಿ ಇಪ್ಪತ್ತು ಚಿಲ್ಲರೆ ಮನೆ, ಟಿಕ್ ಮೂರು. "ಇಲ್ಲ ಅಂತ ಗೊತ್ತಿದ್ದ ಮ್ಯಾಲೆ ಫೋನ್ ಮಾಡಿ ಆ ಹುಡುಗಿಗಿ ಯಾಕ್ ಅಪಮಾನ ಮಾಡ್ಲಿ?" ಅಂದರು. ಅವರ ಲೆಕ್ಕದಲ್ಲಿ ಅದು ಮರ್ಯಾದೆ. ನನಗೆ ಮಾಡಿದ ಉಪಕಾರವೂ ಅದೇ ತಾನೆ? ನನ್ನ ಪಾಲಿಗೆ ಆರು ಗೀಟು ಹಾಕಿದರು, ಅವಳ ಪಾಲಿಗೆ ಇಡೀ ಪುಟವೇ ಗೀಟು. ಎರಡೂ ಒಂದೇ ಪೆನ್ನು.

ನಮ್ಮ ಲ್ಯಾಬಿನ ಡಾಕ್ಟರ ತಮ್ಮ ಅಮೆರಿಕದಲ್ಲಿದ್ದಾರೆ. ಊರಿಗೆ ಬಂದಾಗ ಈ ಪುಸ್ತಕದ ಕಥೆ ಹೇಳಿದೆ. ಅಲ್ಲಿ 1968ರಿಂದ ನ್ಯಾಯಯುತ ವಸತಿ ಕಾಯ್ದೆ ಇದೆಯಂತೆ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ ಸಹಿಯಾಯಿತು. ಬಣ್ಣ, ಧರ್ಮ, ಹುಟ್ಟಿದ ದೇಶ ನೋಡಿ ಮನೆ ಇಲ್ಲ ಅನ್ನುವಂತಿಲ್ಲ. 1974ರಲ್ಲಿ ಹೆಣ್ಣು ಗಂಡು ಭೇದವನ್ನೂ, 1988ರಲ್ಲಿ ಮಕ್ಕಳಿರುವ ಕುಟುಂಬ ಮತ್ತು ಅಂಗವಿಕಲರನ್ನೂ ಸೇರಿಸಿದರು. ಏಜೆಂಟರು "ನಿಮ್ಮ ಮಂದಿ ಅಲ್ಲಿರ್ತಾರ" ಅಂತ ಗಿರಾಕಿಯನ್ನು ಒಂದೇ ಓಣಿಗೆ ತಿರುಗಿಸುವುದಕ್ಕೆ ಅಲ್ಲಿ ಸ್ಟಿಯರಿಂಗ್ ಅಂತ ಹೆಸರು. ಗಾಡಿಯ ಸ್ಟಿಯರಿಂಗೇ. ಅದು ಕಾನೂನಿಗೆ ವಿರುದ್ಧ. ನಾನು ಕಣ್ಣರಳಿಸಿ ಕೇಳುತ್ತಿದ್ದೆ. ಆಗ ಅವರು ಇನ್ನೊಂದು ಮಾತು ಹೇಳಿದರು. ಮಾಲೀಕರು ತಾವೇ ವಾಸ ಇರುವ, ನಾಲ್ಕು ಮನೆಗಿಂತ ಹೆಚ್ಚಿಲ್ಲದ ಕಟ್ಟಡಕ್ಕೆ ಆ ಕಾಯ್ದೆಯಿಂದ ಬಹುಮಟ್ಟಿಗೆ ವಿನಾಯಿತಿ. ಕೆಳಗೆ ಮಾಲೀಕರು, ಮೇಲೆ ಬಾಡಿಗೆ. ನಮ್ಮ ನವನಗರವೇ ಅಲ್ವಾ ಅದು? ಮಾಲೀಕರ ಬಾಗಿಲ ಹತ್ತಿರ ಬಂದಾಗ ಅಲ್ಲಿನ ಕಾನೂನೂ ಸ್ವಲ್ಪ ಹೊರಗಿನ ಮೆಟ್ಟಿಲಲ್ಲೇ ನಿಂತುಬಿಡುತ್ತದೆ.

ನನ್ನ ಈಗಿನ ಮಾಲೀಕರ ಬಗ್ಗೆ ಎರಡು ಮಾತು. ವಯಸ್ಸಾದ ದಂಪತಿ. ಅವರೂ ಹಳೇ ಊರಿನಲ್ಲಿ ಮನೆ ಮುಳುಗಿಸಿಕೊಂಡು ಬಂದವರು. ಅಜ್ಜಿಗೆ ಸಕ್ಕರೆ ಕಾಯಿಲೆ. ನಾನು ಲ್ಯಾಬಿನವಳು ಅಂತ ಏಜೆಂಟರು ಫೋನಿನಲ್ಲಿ ಮೊದಲು ಹೇಳಿದ್ದು ಅದನ್ನೇ, ಪೈಕಿ ಮಾತು ಬರುವುದಕ್ಕಿಂತ ಮುಂಚೆ. ಮನೆ ಐದು ತಿಂಗಳು ಖಾಲಿಯೂ ಇತ್ತು. ಹೀಗೆ ಸಿಕ್ಕಿತು. ಒಂಬತ್ತನೇ ದಿನ ಬೆಳಿಗ್ಗೆ ರಕ್ತ ತೆಗೆಯುವಾಗ ಅಜ್ಜಿ ಕೇಳಿಯೇ ಬಿಟ್ಟರು, ಯಾವ ಪೈಕಿ ಅಂತ. ಸೂಜಿ ಕೈಯಲ್ಲಿತ್ತು. ಹೇಳಿದೆ. "ಹ್ಞಾಂ" ಅಂದರು. ಹತ್ತಿ ಒತ್ತಿ ಹಿಡಿದುಕೊಂಡರು. ಎರಡು ದಿನ ಮಾತಿಲ್ಲ. ಮೂರನೇ ದಿನ ಮಗನ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ ಬಂತು. ಡಬ್ಬಿ ಬರಿದು ಕೊಡಬಾರದು ಅಂತ ಅವ್ವ ಸಕ್ಕರೆ ತುಂಬಿ ಕಳಿಸಿದಳು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕಳಿಸಿದೆಯಲ್ಲ ಅಂತ ನಾನು ಬೈದೆ. ಆದರೆ ಡಬ್ಬಿಯಲ್ಲಿದ್ದದ್ದನ್ನು ಇಟ್ಟುಕೊಂಡರು. ಅಡುಗೆ ಮಾಡಿದ್ದು ಏನಾದರೂ ಕಳಿಸಿದರೆ ಇಟ್ಟುಕೊಳ್ಳುತ್ತಾರಾ, ಇನ್ನೂ ಕಳಿಸಿ ನೋಡಿಲ್ಲ.

ಗೆಳತಿಗೆ ಮನೆ ಸಿಕ್ಕಿಲ್ಲ. ಈಗಲೂ ಹಳೇ ಊರಿನಿಂದ ಓಡಾಡುತ್ತಾಳೆ. ರಾತ್ರಿ ಡ್ಯೂಟಿ ಇದ್ದಾಗ ಆಟೋದವರು ಕೇಳಿದಷ್ಟು ಕೊಡಬೇಕು, ಇಲ್ಲ ಬೆಳಗಿನವರೆಗೆ ಡ್ಯೂಟಿ ರೂಮಿನಲ್ಲೇ ಕೂತಿರಬೇಕು. ಅವಳ 200 ವಾಪಸ್ ಕೊಡಿ ಅಂತ ನಾನು ಕೇಳಿದೆ. ಏಜೆಂಟರು ಕೊಟ್ಟರು, ಅದನ್ನೂ ಬರೆಯಬೇಕು. ಆ ದಿನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಏನು ಬರೆದಿದ್ದಾರೆ ಅಂತಲೂ ಕಂಡಿತು: "ಲ್ಯಾಬ್ ಬಾಯಿ. ಹುಡುಗ 1, ಮುದುಕಿ 1. ರೊಕ್ಕ ಖರೆ. ಬಾಯಿ ಜೋರು." ಅವ್ವನಿಗೆ ಮುದುಕಿ ಅಂದಿದ್ದು ಹೇಳಿಲ್ಲ.

ಮೂರನೇ ಸ್ಟಾರ್ ಆ 200ಕ್ಕೆ. ನಾಲ್ಕನೆಯದು ಅವರು ನನ್ನ ಗೆಳತಿಯ ಹೆಸರಿನಲ್ಲಿ ಒಂದೇ ಒಂದು ಫೋನ್ ಮಾಡಿದ ದಿನ ಸೇರಿಸುತ್ತೇನೆ. ಟಿಕ್ ಹಾಕಿದ ಮೂರು ಮನೆಯಿಂದಲೇ ಶುರು ಮಾಡಲಿ, ಬೇಕಾದರೆ ಸೊನ್ನೆ ಹಾಕಿದವರಿಗೂ. ಎಷ್ಟೋ ಸೊನ್ನೆಗಳು ಹತ್ತು ವರ್ಷದ ಹಿಂದೆ ಬರೆದವು. ಆ ಮಾಲೀಕರು ಈಗ ಏನನ್ನುತ್ತಾರೆ ಅಂತ ಅವರೂ ಕೇಳಿಲ್ಲ.

ಹೋಗುವವರಿಗೆ: ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ. ಒಂದರಿಂದ ನಾಲ್ಕರವರೆಗೆ ಒಳಗೆ ಮಲಗಿರುತ್ತಾರೆ, ಶಟರ್ ಬಡಿದರೆ ಬೈಯುತ್ತಾರೆ. ಆಧಾರ್ ಝೆರಾಕ್ಸ್ ಮನೆಯಿಂದಲೇ ಮಾಡಿಸಿಕೊಂಡು ಹೋಗಿ, ಅಲ್ಲಿ ಮಷಿನ್ ಕೆಟ್ಟಿರುತ್ತದೆ. ಕರಾರಿನಲ್ಲಿ ಹೆಸರುಗಳನ್ನು ಸಹಿಗೆ ಮುಂಚೆ ಎರಡು ಸಲ ಓದಿ.